ಕರಿ ಒಡ್ಡಿನ ಕೆಂಪು ಹುತ್ತ

ಬಾಗಿಲು ಮುಚ್ಚಿದ ಸದ್ದು ದೊಡ್ಡದು. ಅದರ ಬೆನ್ನಿಗೇ ಬಂದದ್ದು ಸಣ್ಣದು, ಕೀಲಿ ಬಿದ್ದ ಸದ್ದು.

ಪಿಎಸ್‌ಐ ಜಹೀದಾ ಕಬ್ಬಿಣದ ಬಾಗಿಲನ್ನು ಎರಡೂ ಕೈಯಿಂದ ಗುದ್ದಿದಳು. ಭುಜ ಕೊಟ್ಟು ನೂಕಿದಳು. ಕೊನೆಗೆ ಬೂಟಿನಿಂದ ಒದ್ದಳು. ಹಿಂದೆ ಬರಗಾಲದಲ್ಲಿ ಬ್ರಿಟಿಷರು ಕೂಲಿಕಾಳು ಕೊಟ್ಟು ಈ ಮಣ್ಣಿನ ಒಡ್ಡು ಕಟ್ಟಿಸಿದಾಗ ಹಚ್ಚಿದ ಬಾಗಿಲು ಅದು. ಒಡ್ಡನ್ನು ಆಮೇಲೆ ಯಾರೂ ಹಣಿಕಿ ನೋಡದಿದ್ದರೂ ಬಾಗಿಲು ಮಾತ್ರ ಅತ್ತೆಮನೆಯಲ್ಲಿ ಕೂತುಂಡ ಅಳಿಯನ ಹಾಗೆ ಗಟ್ಟಿಮುಟ್ಟಾಗಿತ್ತು.

"ಯಾರದು ಹೊರಗ? ಬಾಗಲಾ ತಗೀರಿ. ಒಳಗ ಮಂದಿ ಅದೀವಿ."

ಮಳೆ ಬಿಟ್ಟರೆ ಹೊರಗೆ ಯಾರೂ ಮಾತಾಡಲಿಲ್ಲ.

ಒಳಗಿದ್ದ ಮಂದಿ ಎಂದರೆ ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬರು ಪ್ರಭುಲಿಂಗಪ್ಪ ಸಾವುಕಾರರು. ಜಾಲಿಕೊಪ್ಪದ ದೊಡ್ಡ ಜಮೀನುದಾರರು, ತೂಬಿನ ಕೀಲಿಕೈ ಇಟ್ಟುಕೊಂಡ ಕೆರೆ ಸಂಘದ ಅಧ್ಯಕ್ಷರು, ಮತ್ತು ಇವತ್ತು ಬೆಳಿಗ್ಗೆಯಿಂದ ಜಹೀದಾಳ ಮನಸ್ಸಿನಲ್ಲಿ ಕೊಲೆಗಾರರು. ಕೊಲೆಗಾರನನ್ನು ಕೀಲಿಯೊಳಗೆ ಹಾಕಬೇಕೆಂದು ಊರಿಗೆ ಬಂದವಳು ಅವನ ಜೊತೆಗೇ ಕೀಲಿಯೊಳಗೆ ಬಿದ್ದಿದ್ದಳು. ಹಾಗಾದರೆ ಹೊರಗೆ ನಿಂತು ಕೀಲಿ ಹಾಕಿದವರು ಯಾರು? ಆ ಮೂರನೆಯ ಮನುಷ್ಯ ಆಕೆಯ ಲೆಕ್ಕದಲ್ಲಿ ಇರಲೇ ಇಲ್ಲ.

ನೆನಪಿಗೆ ಇಷ್ಟು ಸಾಕು: ನಾಗರ ಪಂಚಮಿಯ ಮರುದಿನ ಇದೇ ಒಡ್ಡಿನ ಬುಡದ ಕಲ್ಲುಗಳ ಮೇಲೆ ನೀರಾವರಿ ಎಂಜಿನಿಯರ್ ಶಶಿಕಾಂತನ ಹೆಣ ಸಿಕ್ಕಿತ್ತು, ಕಾಲು ಜಾರಿ ಬಿದ್ದ ಎಂದು ಊರೆಲ್ಲ ಒಂದೇ ಮಾತು ಹೇಳಿತ್ತು, ಊರೆಲ್ಲ ಒಂದೇ ಮಾತು ಹೇಳಿದ್ದೇ ಜಹೀದಾಳಿಗೆ ಅನುಮಾನ ತಂದಿತ್ತು.

"ಕೀಲಿಕೈ ಎಲ್ಲೈತ್ರಿ ಸಾವ್ಕಾರ್ರ?"

"ಕೀಲಿಯೊಳಗ ಬಿಟ್ಟು ಬಂದೇನ್ರಿ ಮೇಡಂರ." ಪ್ರಭುಲಿಂಗಪ್ಪ ಒದ್ದೆ ರುಮಾಲು ಬಿಚ್ಚಿ ಹಿಂಡುತ್ತಿದ್ದರು. "ಮಳಿ ರಪ್ಪಂತ ಬಂತಲ್ರಿ. ಒಳಗ ಓಡಿ ಬಂದ್ವಿ."

"ತೂಬು ತಿರುಗಿಸೋ ಹ್ಯಾಂಡಲ್?"

ಅವರ ಕೈ ಅಲ್ಲೇ ನಿಂತಿತು. "ಅದೂ ಹೊರಗ ಉಳೀತ್ರಿ. ಕೀಲಿ ತಗ್ಯಾಕ ಗ್ವಾಡಿಗೆ ಆನಿಸಿ ಇಟ್ಟಿದ್ನಿ."

ಜಹೀದಾಳಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ.

ಅವರಿದ್ದದ್ದು ತೂಬಿನ ಕೋಣೆ. ಕೆರೆಯ ನೀರಿನಲ್ಲಿ ಕಾಲೂರಿ ನಿಂತ ಕಲ್ಲಿನ ಗೂಡು. ಒಡ್ಡಿನಿಂದ ಅಲ್ಲಿಗೆ ಬರಲು ಒಬ್ಬರೇ ನಡೆಯುವಷ್ಟು ಅಗಲದ ಕಾಲುಸಂಕ. ಕೋಣೆಯ ನಡುವೆ ನೆಲದ ತೂತಿನಿಂದ ಒಂದು ಕಬ್ಬಿಣದ ದಂಡ ಮೇಲೆದ್ದಿತ್ತು. ಅದರ ತಲೆಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರೆ ಕೆಳಗೆ ನೀರಿನಾಳದಲ್ಲಿ ತೂಬಿನ ಗೇಟು ಏಳುತ್ತದೆ, ಕೆರೆ ಕಾಲುವೆಗೆ ಹರಿದು ಇಳಿಯುತ್ತದೆ. ಹ್ಯಾಂಡಲ್ ಇಲ್ಲದಿದ್ದರೆ ದಂಡವನ್ನು ಊದುಕಡ್ಡಿ ಹಚ್ಚಿ ಪೂಜೆ ಮಾಡಬಹುದು, ಅಷ್ಟೇ.

ಒಡ್ಡಿನ ಕಡೆಗೆ ಒಂದೇ ಕಿಟಕಿ. ಅದಕ್ಕೂ ಸರಳು. ಜಹೀದಾ ಸರಳಿಗೆ ಕೆನ್ನೆ ಹಚ್ಚಿ ನೋಡಿದಳು. ಮೊಳಕೈಯ ಹಾಗೆ ಮಡಚಿದ ಹ್ಯಾಂಡಲ್ಲು ಬಾಗಿಲಾಚೆ ಗೋಡೆಗೆ ಒರಗಿತ್ತು. ಸರಳಿನ ಸಂದಿಯಲ್ಲಿ ತೋಳು ತೂರಿಸಿದಳು. ಲಾಠಿ ಜೀಪಿನಲ್ಲಿ ಉಳಿದಿತ್ತು. ಸೊಂಟದ ಬೆಲ್ಟು ಬಿಚ್ಚಿ ಬೀಸಿದಳು. ಬೆಲ್ಟಿನ ತುದಿ ಗಾಳಿಗೆ ಹೊಡೆದು ಹೊಡೆದು ಸೋತಿತು.

ಕಾಲುಸಂಕದ ಆಚೆ ತುದಿಯಲ್ಲಿ ಒಂದು ಆಕೃತಿ ಮೆಲ್ಲಗೆ ಒಡ್ಡಿನತ್ತ ಹೋಗುತ್ತಿತ್ತು. ತಲೆಯಿಂದ ಮೊಣಕಾಲವರೆಗೂ ಗೋಣಿಚೀಲದ ಕೊಪ್ಪಿ. ಮಳೆಗಾಲದಲ್ಲಿ ಜಾಲಿಕೊಪ್ಪದ ಗಂಡಸರೂ ಹೆಂಗಸರೂ ಹೊಲಕ್ಕೆ ಹೋಗುವುದು ಹೀಗೆಯೇ. ಕೊಪ್ಪಿಯೊಳಗೆ ಯಾರಿದ್ದಾರೆಂದು ಹಿಂದಿನಿಂದ ನೋಡಿ ಹೇಳಲು ಸಾಕ್ಷಾತ್ ಹೆತ್ತವರಿಗೂ ಆಗದು.

"ಏ ಯಾರಪಾ ಅದು, ನಿಲ್ಲು" ಎಂದು ಕೂಗಿದಳು. ಆಕೃತಿ ತಿರುಗಲಿಲ್ಲ.

ಮೊಬೈಲ್ ತೆಗೆದಳು. ಟವರ್ ನಿನ್ನೆಯೇ ಸತ್ತಿತ್ತು. ಒಡ್ಡಿನ ಒಂದು ತುದಿಯಲ್ಲಿ ಕೋಡಿ ಬಿದ್ದು ರಸ್ತೆ ಕಾಣದಾಗಿತ್ತು, ಇನ್ನೊಂದು ತುದಿಯಲ್ಲಿ ಹಳ್ಳ ತುಂಬಿತ್ತು. ನೀರಾವರಿಯ ದೊಡ್ಡ ಸಾಹೇಬರ ಗಾಡಿ ಕೊಣ್ಣೂರ ಸೇತುವೆ ಮುಳುಗಿದ್ದರಿಂದ ಆಚೆ ದಂಡೆಯಲ್ಲೇ ನಿಂತಿದೆಯಂತೆ. ಆಕೆಯ ಹೆಡ್ ಕಾನ್‌ಸ್ಟೇಬಲ್ ಗ್ಯಾನಪ್ಪ ಊರೊಳಗೆ ವಿಚಾರಣೆಗೆಂದು ಮನೆಮನೆಗೆ ತಿರುಗುತ್ತಿದ್ದ. ಅತ್ತ ದರಿ, ಇತ್ತ ಪುಲಿ, ನಡುವೆ ಕಬ್ಬಿಣದ ಬಾಗಿಲು.

ಹೆದರಿಕೆಯಾಯಿತು. ಸುಳ್ಳು ಯಾಕೆ, ಖಾಕಿ ಹಾಕಿಕೊಂಡವರಿಗೂ ಹೊಟ್ಟೆಯೊಳಗೆ ಅದೇ ಕರುಳು. ಆದರೆ ಆಕೆಯ ಹೆದರಿಕೆ ತನಗಾಗಿ ಅಷ್ಟಿರಲಿಲ್ಲ. ಒಡ್ಡಿನ ಆಚೆ ಇಳಿಜಾರಿನಲ್ಲಿ ಊರವರು ಪೂಜಿಸುವ ಹುತ್ತ, ಅದರ ನೇರ ಕೆಳಗೆ ಕೆಳಗಿನ ಓಣಿ. ಒಡ್ಡು ಒಡೆದರೆ ನೀರು ಮೊದಲು ನುಗ್ಗುವುದು ಅಲ್ಲಿಗೇ. ಅಲ್ಲಿ ಮೊದಲ ಮನೆ ಖಾಜಾಬಿಯದು. ಬೆಳಿಗ್ಗೆ ಖಾಜಾಬಿ ಚಹಾ ಕೊಟ್ಟು ಕೇಳಿದ್ದಳು, "ಸೊಸಿ ನಾಜಮೀನ ಹಸಿ ಬಾಣಂತಿ ಅದಾಳ ಬೇಟಿ. ಮಳ್ಯಾಗ ಕೂಸು ಕರಕೊಂಡು ಎಲ್ಲಿಗೆ ಹೋಗೂನು? ನೀ ಹೇಳಿದ್ರ ಹೋಗ್ತೀವಿ."

ಜಹೀದಾ ಏನು ಹೇಳಿದ್ದಳು? "ಬ್ಯಾಡ ಖಾಲಾ. ಸಂಜಿ ಒಳಗ ನಾನಽ ನಿಂತು ಕೆರಿ ನೀರು ಇಳಸ್ತೀನಿ. ಹೊರಗ ಬಂದು ಕೂಸಿಗೆ ಥಂಡಿ ಹಚ್ಚಬ್ಯಾಡ್ರಿ."

ಆ ಮಾತು ನಂಬಿ ಅವರು ಮನೆಯಲ್ಲೇ ಕೂತಿದ್ದರು.

ಪ್ರಭುಲಿಂಗಪ್ಪ ಮೂಲೆಯ ಕಲ್ಲಿನ ಮೇಲೆ ಕೂತರು. "ಯಾರರ ಬರ್ತಾರ ಬಿಡ್ರಿ ಮೇಡಂರ. ನೀವೂ ಕೂಡ್ರಿ. ಈ ಒಡ್ಡು ನಮ್ಮ ಅಜ್ಜನ ಅಜ್ಜನ್ನ ಕಂಡದ್ದು. ಇಂಥಾ ಮಳಿ ಎಷ್ಟೋ ನೋಡೈತಿ."

"ಹುತ್ತಾನೂ ಅಜ್ಜನ ಕಾಲದ್ದೇನ್ರಿ?"

"ಹೌದ್ರಿ. ಭಾಳ ಹಳೇದು."

ಜಹೀದಾ ಎದುರಿಗೆ ನೆಲದ ಮೇಲೆ ಕೂತಳು. ಬೂಟು ಕಾಲಿಗೆ ಕಲ್ಲು ಕಟ್ಟಿದಷ್ಟು ಭಾರ. ಒಡ್ಡಿನ ಕರಿ ಎರಿ ಮಣ್ಣು ಹತ್ತಿದರೆ ಸುಮ್ಮನೆ ಬಿಡುವುದಿಲ್ಲ. ರೋಣ, ನರಗುಂದದ ಕಡೆ ಮಳೆಯಲ್ಲಿ ಹೊಲ ದಾಟಿದವರೆಲ್ಲ ಇದನ್ನು ಬಲ್ಲರು. ಕೈಗೆ ಸಿಕ್ಕ ತಗಡಿನ ಚೂರಿನಿಂದ ಕೆರೆಯತೊಡಗಿದಳು. ಸಿಟ್ಟು ಬಂದಾಗ ಕೈಗೊಂದು ಕೆಲಸ ಬೇಕು.

ಕರಿ ಮಣ್ಣು ದಪ್ಪಗೆ ಕಿತ್ತು ಬಂತು. ಅದರ ಕೆಳಗೆ, ಬೂಟಿನ ಮೂಲೆಯಲ್ಲಿ, ನಿನ್ನೆಯ ಮಣ್ಣು ಒಣಗಿ ಕೂತಿತ್ತು. ಅದು ಕರಿ ಅಲ್ಲ, ಕುಂಕುಮದ ಡಬ್ಬಿಯ ತಳದಂಥ ಕೆಂಪು.

ಜಹೀದಾಳ ಕೈ ನಿಂತಿತು.

ನಿನ್ನೆ ಆಕೆ ಎಲ್ಲಿಗೆ ಹೋಗಿದ್ದಳು? ಕೆಂಪು ಮಣ್ಣಿರುವ ಗಜೇಂದ್ರಗಡದ ಗುಡ್ಡ ಹತ್ತಿರಲಿಲ್ಲ. ಜಾಲಿಕೊಪ್ಪದ ಸುತ್ತ ಎತ್ತ ನೋಡಿದರೂ ಎರಿ ಹೊಲ. ಒಡ್ಡೂ ಮೇಲಿಂದ ಬುಡದವರೆಗೆ ಎರಿ ಮಣ್ಣಿನದೇ. ನಿನ್ನೆ ಆಕೆ ನಿಂತದ್ದು ಒಂದೇ ಕಡೆ, ಒಡ್ಡಿನ ಆಚೆ ಇಳಿಜಾರಿನ ಹುತ್ತದ ಮುಂದೆ. ನೂರಾರು ಹೆಂಗಸರು ನೆರೆದಿದ್ದರು. ಹೆಣದ ಬದಿಗೆ ಬಿದ್ದಿದ್ದ ಸಲಾಕಿ ಚುಚ್ಚಿದ ತೂತು ಹುತ್ತದಲ್ಲಿ ಕಂಡಿತ್ತು. "ಈ ಹುತ್ತ ಅಗಿಸ್ತೀನಿ, ಜೆಸಿಬಿ ತರಸ್ತೀನಿ" ಎಂದು ಆಕೆ ಎಲ್ಲರ ಎದುರಿಗೇ ಹೇಳಿದ್ದಳು. ಅದು ದಡ್ಡತನ ಎಂದು ಮಾತು ಬಾಯಿಂದ ಬಿದ್ದಮೇಲೆ ತಿಳಿದಿತ್ತು.

ಯಾಕೆಂದರೆ ಆಮೇಲೆ ಶಶಿಕಾಂತನ ಹೆಂಡತಿ ರಾಜೇಶ್ವರಿ ಕಣ್ಣೀರು ಒರೆಸಿಕೊಳ್ಳುತ್ತ ಗಂಡನ ಮಾತು ಹೇಳಿದ್ದಳು: "ತುಂಬಿದ ಕೆರಿ ಒಡ್ಡಿಗೆ ಗುದ್ದಲಿ ಹಚ್ಚಬಾರದಂತ್ರಿ. ಮೊದಲ ನೀರು ಇಳಸಬೇಕು, ಆಮ್ಯಾಲ ಅಗೀಬೇಕು ಅಂತಿದ್ರು." ಅದಕ್ಕೇ ಇವತ್ತು ಜೆಸಿಬಿ ಬಿಟ್ಟು ತೂಬಿಗೆ ಬಂದದ್ದು. ಆದರೆ ಊರಿನ ಕಿವಿಗೆ ನಿನ್ನೆಯ ಮಾತಷ್ಟೇ ಬಿದ್ದಿತ್ತು.

"ಸಾವ್ಕಾರ್ರ" ಎಂದಳು ಜಹೀದಾ, ಕೆಂಪು ಮಣ್ಣಿನ ಹಕ್ಕಳೆಯನ್ನು ಅಂಗೈಯಲ್ಲಿ ಹಿಡಿದು. "ಇದು ಯಾವ ಮಣ್ಣು?"

"ಮಸಾರಿ." ಉತ್ತರ ತಾನಾಗಿ ಬಂತು. ರೈತನ ಬಾಯಿ, ಮಣ್ಣಿನ ಹೆಸರು ಕೇಳಿದರೆ ತಡೆದು ನಿಲ್ಲುವುದಿಲ್ಲ. ಆಮೇಲೆ ಅವರ ಮುಖ ಬದಲಾಯಿತು.

"ಹುತ್ತ ಕಟ್ಟೋ ಹುಳ ತನ್ನ ಕಾಲ ಬುಡದ ಮಣ್ಣಲೆ ಕಟ್ತದೋ, ಗುಡ್ಡಕ್ಕ ಬಂಡಿ ಹೂಡಿಕೊಂಡು ಹೋಗಿ ತರ್ತದೋ?"

"ಅದಽ ಪವಾಡ ಅಂತಾರ್ರಿ ಮಂದಿ. ಕರಿ ಒಡ್ಡಿನ ಮ್ಯಾಲ ಕೆಂಪು ಹುತ್ತ."

"ಮಂದಿ ಅಂತಾರ. ನೀವು ಏನಂತೀರಿ?"

ಪ್ರಭುಲಿಂಗಪ್ಪ ರುಮಾಲನ್ನು ಮತ್ತೆ ಹಿಂಡಿದರು. ಅದರಲ್ಲಿ ನೀರಿರಲಿಲ್ಲ.

"ಶಶಿಕಾಂತರ ಸ್ಕೂಟರ್ ಡಿಕ್ಕಿಯೊಳಗ ಒಂದು ಬಾಟ್ಲಿ ಸಿಕ್ಕಿತ್ತು" ಎಂದಳು ಜಹೀದಾ. "ಬೆಳ್ಳಗ ಇತ್ತು, ಹುಳಿ ವಾಸನಿ. ನಮ್ಮ ಗ್ಯಾನಪ್ಪ ಮೂಸಿ ನೋಡಿ ಮಜ್ಜಿಗಿ ಅಂದ. ಮಳಿಗಾಲದಾಗ ಅವರು ಮಜ್ಜಿಗಿ ಮುಟ್ಟತಿದ್ದಿಲ್ಲ, ನೆಗಡಿ ಆಗ್ತಿತ್ತು ಅಂತ ರಾಜೇಶ್ವರಿ ಅಂದ್ರು. ಅದು ಮಜ್ಜಿಗಿ ಅಲ್ಲ. ಪಂಚಮಿ ದಿನ ಹೆಂಗಸರು ಹುತ್ತಕ್ಕ ಎರದ ಹಾಲು. ಅಪ್ಪನ ಪಾಲು, ಅವ್ವನ ಪಾಲು ಅಂತ ಮನಿಮಂದಿ ಹೆಸರು ಹೇಳಿ ಊರ ಹೆಂಗಸರೆಲ್ಲಾ ಎರದರು. ಅದು ಒಡ್ಡಿನ ಬುಡದಾಗ ಬಸಿನೀರಿನ ಸಂಗಾಟ ಹೊರಗ ಬಂತು. ನಾಗಪ್ಪ ಕುಡದು ಪ್ರಸಾದ ಬಿಟ್ಟ ಅಂತ ಮಂದಿ ಕೈ ಮುಗದರು. ಶಶಿಕಾಂತರು ಬಾಟ್ಲಿ ತುಂಬಿಕೊಂಡರು."

"ಅದು ನಂಗ ಗೊತ್ತಿಲ್ರಿ."

"ಬಾಟ್ಲಿ ತಳದಾಗ ಕೆಂಪು ಗಸಿ ನಿಂತಿತ್ತು. ಎರಿ ಒಡ್ಡಿನೊಳಗಿಂದ ಬರೂ ನೀರಿನಾಗ ಕೆಂಪು ಮಣ್ಣು ಹ್ಯಾಂಗ ಬರ್ತದ? ಹೆಣದ ಬಾಜೂ ಬಿದ್ದ ಸಲಾಕಿ ತುದಿಗೂ ಅದಽ ಕೆಂಪು. ಮಸಾರಿ ಮ್ಯಾಲಿಲ್ಲ ಸಾವ್ಕಾರ್ರ, ಒಡ್ಡಿನ ಹೊಟ್ಟ್ಯಾಗ ಐತಿ. ಯಾರೋ ಒಡ್ಡು ಸೀಳಿ ಮತ್ತ ಮುಚ್ಚ್ಯಾರ. ಆ ಗಾಯದ ಮ್ಯಾಲ ಹುತ್ತ ತಂದು ಕೂಡಿಸ್ಯಾರ. ಹುತ್ತ ಕಂಡಲ್ಲಿ ನಮ್ಮ ಕಡೆ ಯಾರೂ ಗುದ್ದಲಿ ಎತ್ತೂದಿಲ್ಲ, ಅದು ಅವರಿಗೆ ಗೊತ್ತಿತ್ತು."

ಸಾವುಕಾರರು ಉಸಿರು ಬಿಟ್ಟರು. ಎಷ್ಟೋ ವರ್ಷ ಹಿಡಿದಿಟ್ಟ ಉಸಿರು.

"ಪೈಪು ನಂದು" ಎಂದರು. "ಕೆರಿ ಬತ್ತಿ ಬಿರುಕು ಬಿಟ್ಟಿದ್ದ ವರ್ಷ ಹಾಕಿಸಿದ್ನಿ. ಊರಾಗ ಯಾರಿಗೂ ಗೊತ್ತಾಗಬಾರದಂತ ಎಲ್ಲಾರೂ ಜಾತ್ರಿಗೆ ಹೋದಾಗ ಒಡ್ಡು ಕೊರಸಿದ್ನಿ. ಕೆರಿ ತುಂಬಿದ್ರ ನನ್ನ ಉಳ್ಳಾಗಡ್ಡಿ ಹೊಲಕ್ಕ ನೀರು ತಾನಽ ಇಳೀಬೇಕು, ಅಷ್ಟಽ ಆಸೆ. ಅಗದ ಎರಿ ಮಣ್ಣು ಒಣಗಿ ಹೆಂಟಿ ಆಗಿತ್ತು, ತುಂಬಿದ್ರ ಕೂಡಲಿಲ್ಲ. ಗುಡ್ಡದ ಮಸಾರಿ ಟ್ರ್ಯಾಕ್ಟರ್‌ನ್ಯಾಗ ಲಗೂ ಬಂತು. ಮ್ಯಾಲ ಒಂದು ಪದರ ಎರಿ ಹಾಕಿ ಮುಚ್ಚಿದ್ನಿ."

"ನೀರು ಹಾಕಿ ಬಡದು ಧಮ್ಮಸು ಮಾಡಿಸಿದ್ರೇನು?"

"ಎಲ್ಲೀದ್ರಿ. ಲಗೂ ಮುಗೀಬೇಕಾಗಿತ್ತು. ಮೊದಲನೇ ಮಳಿಗೆ ಮ್ಯಾಲಿನ ಎರಿ ತೊಳಕೊಂಡು ಹೋತು. ಇಳಿಜಾರಿನಾಗ ಕೆಂಪು ಪಟ್ಟಿ ಎದ್ದು ಕಾಣಾಕತ್ತಿತು. ಅದಕ್ಕಽ ಗುಡ್ಡದ ಬುಡದಿಂದ ಒಂದು ಹುತ್ತ ಬುಡಸಮೇತ ಎಬ್ಬಿಸಿ ತಂದ್ನಿ. ಅಂಜಿ ಪೈಪಿನ ಆಚೆ ಬಾಯಿ ಮುಚ್ಚಿದ್ನಿ, ಕೆರಿ ಕಡೆ ಬಾಯಿಗೆ ಕಲ್ಲು ಇಟ್ನಿ. ಮುಂದ ಅದರ ಗೊಡವಿಗೇ ಹೋಗಲಿಲ್ಲ. ಕೆರೀನೂ ಇಲ್ಲೀತನಕ ಅಷ್ಟು ತುಂಬಲಿಲ್ಲ."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಈ ಕಳ್ಳನ ಮನಸ್ಸು ಮಾತ್ರ ಇಷ್ಟು ವರ್ಷ ನೆಮ್ಮದಿಯಾಗಿ ಮಲಗಿತ್ತು, ಯಾಕೆಂದರೆ ಕಾವಲಿಗೆ ನಾಗಪ್ಪನನ್ನೇ ಕೂಡಿಸಿತ್ತು.

"ಶಶಿಕಾಂತರು ಕಂಡುಹಿಡದ್ರು. ನೀವು ಕೊಂದ್ರಿ."

"ಇಲ್ರಿ." ಪ್ರಭುಲಿಂಗಪ್ಪ ಎದ್ದು ನಿಂತರು. "ಪೈಪು ನಂದು, ಹುತ್ತ ನಂದು, ಪಾಪಾನೂ ನಂದು. ಆದ್ರ ಆ ಮನಿಶ್ಯಾನ್ನ ನಾ ಬೆರಳಲೆ ಮುಟ್ಟಿಲ್ಲ."

"ಮತ್ಯಾರು?"

ಅವರ ಕಣ್ಣು ಕಿಟಕಿಯ ಕಡೆ ಹೋಯಿತು. ಅಲ್ಲಿಂದ ಕೊಪ್ಪಿಯ ಗೋಣಿ ವಾಸನೆ ಬಂತು.

"ತಮ್ಮಾ, ನೀನೂ ಒಳಗ ಉಳದೀ ಏನೋ" ಎಂದಿತು ಹೊರಗಿನ ದನಿ. ಮುದುಕಿಯ ದನಿ, ಮೆತ್ತಗೆ.

ಪ್ರಭುಲಿಂಗಪ್ಪ ಸರಳು ಹಿಡಿದರು. "ಯವ್ವಾ."

ಸಾವುಕಾರರ ತಾಯಿ ಗೌರವ್ವ ಕಾಲುಸಂಕದ ಮೇಲೆ ನಿಂತಿದ್ದಳು. ಹುತ್ತಕ್ಕೆ ದಿನಾ ಬೆಳಿಗ್ಗೆ ನೀರು ಹಾಕಿ, ಸುತ್ತ ಕಲ್ಲಿನ ಕಟ್ಟೆ ಕಟ್ಟಿಸಿ, ಊರಿನ ಹೆಂಗಸರಿಗೆಲ್ಲ ಪಂಚಮಿಯ ಹಾಲೆರೆಯಲು ಕಲಿಸಿದ ಹಿರಿಯಳು. ನಿನ್ನೆ ಜಹೀದಾ ಹುತ್ತ ಅಗಿಸುತ್ತೇನೆ ಎಂದಾಗ ಎಲ್ಲರೂ ಕೂಗಾಡಿದರೂ ಈಕೆ ಒಬ್ಬಳೇ ಏನೂ ಅಂದಿರಲಿಲ್ಲ.

"ಅವ್ವಾರ, ಬಾಗಲಾ ತಗೀರಿ" ಎಂದಳು ಜಹೀದಾ.

"ತಗೀತೀನಿ ಮಗಳ. ಮಳಿ ನಿಲ್ಲಲಿ. ಕೋಡಿಗೆ ಹೋಗಿ ನೀರು ತಾನಽ ಇಳೀತದ. ಅಲ್ಲೀ ಮಟಾ ನೀ ಇಲ್ಲೇ ಇರು. ಹುತ್ತಕ್ಕ ಕೈ ಹಚ್ಚೂದು ಬ್ಯಾಡ. ನಿನಗೂ ಮಕ್ಕಳು ಮರಿ ಆಗಬೇಕು."

ಆ ಮಾತಿನಲ್ಲಿ ಬೆದರಿಕೆ ಇರಲಿಲ್ಲ, ಕನಿಕರವಿತ್ತು. ಶಶಿಕಾಂತನ ಗಡಿಯಾರದ ಪಟ್ಟಿಗೆ ಸಿಕ್ಕಿಕೊಂಡಿದ್ದ ಹಂಗನೂಲು ಜಹೀದಾಳ ಕಣ್ಣ ಮುಂದೆ ಬಂತು. ಪಂಚಮಿಗೆ ಹೆಂಗಸರು ಕಟ್ಟಿಕೊಳ್ಳುವ ಅರಿಸಿನದ ನೂಲು. ಹುತ್ತದ ಮೇಲಿಂದ ಹತ್ತಿರಬೇಕೆಂದು ಆಕೆ ಅದನ್ನು ಅಷ್ಟಕ್ಕೇ ಬಿಟ್ಟಿದ್ದಳು.

"ಅವ್ವಾರ, ನಿಮ್ಮ ಕೈಯಾಗಿನ ಹಂಗನೂಲು ಎಲ್ಲಿ ಹೋತ್ರಿ?"

ಗೌರವ್ವ ತನ್ನ ಬರಿ ಮಣಿಕಟ್ಟು ನೋಡಿಕೊಂಡಳು. "ಹರೀತು. ಆತ ನಾಗಪ್ಪನ ಮೈಗೆ ಸಲಾಕಿ ಚುಚ್ಚಾಕತ್ತಿದ್ದ. ಬ್ಯಾಡೋ ಯಪ್ಪಾ ಅಂದ್ನಿ. ಕೇಳಲಿಲ್ಲ. ಕೈ ಹಿಡದು ಜಗ್ಗಿದ್ನಿ. ಹಸಿ ಕಲ್ಲು, ಕೆಳಗ ಹೋದ." ಮಣಿಕಟ್ಟಿನ ಮೇಲೆ ಸೆರಗು ಎಳೆದುಕೊಂಡಳು. "ನಾ ಕೆಡವಲಿಲ್ಲ ಮಗಳ. ನಾಗಪ್ಪ ಕೆಡವಿದ."

ಪ್ರಭುಲಿಂಗಪ್ಪ ಹಣೆಯನ್ನು ಸರಳಿಗೆ ಒತ್ತಿದರು. ಅವರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರು. ತಾಯಿಯನ್ನು ಉಳಿಸಲು ಮುಚ್ಚಿಕೊಂಡರೋ, ಪೈಪನ್ನು ಉಳಿಸಲು ಮುಚ್ಚಿಕೊಂಡರೋ, ಅವರಿಗೇ ತಿಳಿದಿರಲಾರದು.

ಜಹೀದಾ ಬಗ್ಗಿ ಅವರ ಕಿವಿಯಲ್ಲಿ ಹೇಳಿದಳು. "ಹೇಳ್ರಿ ಸಾವ್ಕಾರ್ರ. ಹುತ್ತ ನೀವು ತಂದಿಟ್ಟದ್ದು ಅಂತ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ. ನೀವು ಹೇಳಿದ್ರ ಬಾ‌ಗಲಾ ತಗೀತಾರ."

"ಹ್ಯಾಂಗ ಹೇಳ್ಲಿ?" ಅವರು ತಾಯಿಯ ಕಡೆ ಬೆನ್ನು ಹಾಕಿ ಪಿಸುಗುಟ್ಟಿದರು. "ಈಗ ದೇವರ ಸಲುವಾಗಿ ಆತು ಅಂದುಕೊಂಡು ಎರಡು ತುತ್ತು ಉಣ್ಣಾಕತ್ತಾಳ. ಹೇಳಿದ್ರ ಆಕಿ ಕೈಲೆ ಒಂದು ಜೀವ ಸುಮ್ಮನಽ ಹೋದಂಗಾತು. ಹಡದ ತಾಯಿಗೆ ಇದನ್ನ ಹ್ಯಾಂಗ ಹೇಳ್ಲಿ ಮೇಡಂರ?"

ಜಹೀದಾಳ ಕಣ್ಣು ಗೌರವ್ವನ ಆಚೆ, ಒಡ್ಡಿನ ಕಲ್ಲುಕಟ್ಟಣೆಗೆ ತಾಗಿದ ನೀರಿನ ಮೇಲೆ ಬಿದ್ದಿತ್ತು. ಪಂಚಮಿಯಲ್ಲಿ ಹೆಂಗಸರು ಬಿಟ್ಟ ಚೆಂಡುಹೂ ಕೆರೆಯ ತುಂಬ ಅಲ್ಲಲ್ಲಿ ತೇಲುತ್ತಿದ್ದವು. ಗಾಳಿ ಬೀಸಿದ ಕಡೆ ಅವು ಸರಿದು ಹೋಗುತ್ತಿದ್ದವು. ಹುತ್ತದ ನೇರಕ್ಕೆ ಒಂದು ಕಡೆ ಮಾತ್ರ ಗಾಳಿಯ ಮಾತು ಕೇಳದೆ, ಬೀಸುವ ಕಲ್ಲಿನ ಸುತ್ತ ಹಿಟ್ಟು ತಿರುಗುವ ಹಾಗೆ ಮೆಲ್ಲಗೆ ಸುತ್ತುತ್ತಿದ್ದವು.

"ಅದೇನ್ರಿ ಅದು?"

ಪ್ರಭುಲಿಂಗಪ್ಪ ನೋಡಿದರು. "ಸುಳಿ" ಎಂದರು. "ಪೈಪಿನ ಬಾಯಿ ಅಲ್ಲೇ ಐತಿ. ಕಲ್ಲು ಸರದೈತಿ."

"ಕೆರಿ ಒಳಗಿಂದ ಹೊಂಟೈತಿ ಸಾವ್ಕಾರ್ರ. ಕೆಳಗ ಒಂದು ಕೂಸು ಐತಿ. ಇನ್ನೂ ಕಣ್ಣು ಸುದ್ದ ನೆಟ್ಟಗ ಬಿಟ್ಟಿಲ್ಲ. ನಾ ಹೇಳೇನಂತ ಅವರು ಮನ್ಯಾಗ ಕುಂತಾರ." ಜಹೀದಾಳ ಕಣ್ಣಲ್ಲಿ ನೀರು ಬಂದಿತ್ತು, ಆಕೆ ಒರೆಸಿಕೊಳ್ಳಲೂ ಇಲ್ಲ. "ನಿಮ್ಮ ಕಾಲು ಬೀಳ್ತೀನಿ. ಹೇಳ್ರಿ."

ಆಗ ಮಗ ಹೇಳಿದ.

ತಲೆ ತಗ್ಗಿಸಿ, ಸಾಲಿ ಹುಡುಗ ಮಾಸ್ತರರ ಎದುರಿಗೆ ಒಪ್ಪಿಸುವಂತೆ ಹೇಳಿದ. ಪೈಪು, ಮಸಾರಿ, ಟ್ರ್ಯಾಕ್ಟರು. ಹುತ್ತವನ್ನು ಹಗ್ಗ ಕಟ್ಟಿ ಇಳಿಸಿದ್ದು. ಅಲ್ಲಿ ನಾಗರಹಾವು ಹೆಡೆಯೆತ್ತಿದ್ದನ್ನು ಕಂಡೆ ಎಂದು ಮನೆಗೆ ಬಂದು ತಾಯಿಗೆ ಹೇಳಿದ ಸುಳ್ಳು.

ಗೌರವ್ವ ಕೊಪ್ಪಿಯನ್ನು ಹಿಂದಕ್ಕೆ ಸರಿಸಿದಳು. ಬಿಳಿ ಕೂದಲ ಮೇಲೆ ಮಳೆ ಸುರಿಯಿತು. ಬಹಳ ಹೊತ್ತು ಮಗನ ಮುಖವನ್ನೇ ನೋಡಿದಳು.

"ಹಂಗಾರ ಇಷ್ಟು ವರ್ಷ ನಾ ಹಾಲೆರದದ್ದು ಒಂದು ಪೈಪಿಗೇನೋ ಪ್ರಭ್ಯಾ?"

"ಹೌದ ಯವ್ವಾ."

"ನಿನ್ನ ಪಾಲೂ ಎರದೇನಲ್ಲೋ. ಎಲ್ಲಾರಿಗಿಂತ ಮೊದಲ ನಿನ್ನ ಪಾಲು ಎರೀತಿದ್ದೆ."

ಗೋಡೆ ಹಿಡಿದು ನಿಂತಿದ್ದ ಪ್ರಭುಲಿಂಗಪ್ಪ ಹಾಗೇ ಕುಸಿದು ಕೂತು ಅಳತೊಡಗಿದ.

"ಅವ್ವಾರ" ಎಂದಳು ಜಹೀದಾ. "ಆಮ್ಯಾಲ ಎಲ್ಲಾ ಮಾತಾಡೂಣು. ಈಗ ಕೀಲಿ ತಗೀರಿ. ಆ ಹ್ಯಾಂಡಲ್ ಇತ್ತಾಗ ಕೊಡ್ರಿ."

ಗೌರವ್ವ ಬಗ್ಗಿ ಹ್ಯಾಂಡಲ್ ಎತ್ತಿಕೊಂಡಳು. ಎಪ್ಪತ್ತು ದಾಟಿದರೂ ಹೊಲದಲ್ಲಿ ಹೊರೆ ಹೊತ್ತ ಮೈ. ಜಹೀದಾಳ ಎದೆಯಲ್ಲಿ ಒಂದು ಕ್ಷಣ ಬೆಳಕಾಯಿತು. ಸರಳಿನಿಂದ ಕೈ ಹೊರಗೆ ಚಾಚಿದಳು.

ಮುದುಕಿ ಆ ಕೈಯನ್ನು ನೋಡಲೂ ಇಲ್ಲ. ಹ್ಯಾಂಡಲನ್ನು ಹಾರೆಯ ಹಾಗೆ ಹೆಗಲಿಗೇರಿಸಿಕೊಂಡಳು.

"ನಂಬಿಕಿ ಬರೂದಿಲ್ಲ ನಂಗ" ಎಂದಳು. "ಪೋಲೀಸ್ರ ಮುಂದ ಅಂಜಿ ಸುಳ್ಳು ಹೇಳಾಕತ್ತೀ ನೀ. ನಾನಽ ಅಗದು ನೋಡ್ತೀನಿ. ನಾಗಪ್ಪ ಇದ್ರ ನನ್ನನ್ನ ಕಚ್ಚಲಿ. ಪೈಪು ಇದ್ರ..."

ಮುಂದಿನ ಮಾತು ಹೇಳದೆ ತಿರುಗಿದಳು. ಸೆರಗಿನ ಗಂಟಿನಲ್ಲಿ ಕೀಲಿಕೈ ತೂಗಾಡುತ್ತಿತ್ತು.

ಜಹೀದಾಳಿಗೆ ಅರ್ಥವಾಗಲು ಒಂದು ಉಸಿರು ಹಿಡಿಯಿತು. ಆಮೇಲೆ ಆಕೆ ಕಿರಿಚಿದಳು. "ಅವ್ವಾರ, ಅಗೀಬ್ಯಾಡ್ರಿ! ಹುತ್ತ ಮುಟ್ಟಬ್ಯಾಡ್ರಿ! ಈಗ ಅದರ ಭಾರದ ಮ್ಯಾಲ ಒಡ್ಡು ನಿಂತೈತಿ. ಮೊದಲ ನೀರು ಇಳಸಬೇಕ್ರಿ, ಮೊದಲ ನೀರು..."

ನಿನ್ನೆ ಅದೇ ಹುತ್ತದ ಮುಂದೆ ನಿಂತು ಅಗಿಸಿಯೇ ತೀರುತ್ತೇನೆ ಎಂದವಳು ಇಂದು ಅಗಿಯಬೇಡಿ ಎಂದು ಕೂಗುತ್ತಿದ್ದಳು. ಯಾರು ನಂಬಬೇಕು? ಮಳೆ ಆ ಕೂಗನ್ನು ಕಾಲುಸಂಕದ ಅರ್ಧಕ್ಕೇ ಕೆಡವಿತು. ಪ್ರಭುಲಿಂಗಪ್ಪನೂ ಎದ್ದು ಸರಳಿಗೆ ಬಾಯಿ ಹಚ್ಚಿ "ಯವ್ವಾ, ಯವ್ವಾ" ಎಂದು ಒದರಿದ. ಗೌರವ್ವ ಹೆಜ್ಜೆ ನಿಲ್ಲಿಸಲಿಲ್ಲ.

ಒಡ್ಡಿನ ನೆತ್ತಿ ದಾಟಿ ಆಚೆಗೆ ಇಳಿದಾಗ ಆಕೆಯ ತಲೆ, ಭುಜ ಮಾತ್ರ ಕಾಣುತ್ತಿದ್ದವು. ಪಕ್ಕದಲ್ಲಿ ಹುತ್ತದ ತುದಿ, ಅದಕ್ಕೆ ಸುತ್ತಿದ ಹಸಿರು ಖಣ. ಇನ್ನೂ ಆಚೆ, ಕೆಳಗಿನ ಓಣಿಯಿಂದ, ಮಳೆಯಲ್ಲೂ ಒಂದು ಹೊಗೆಯ ಎಳೆ ಏಳುತ್ತಿತ್ತು. ಖಾಜಾಬಿ ಬಾಣಂತಿಗೆ ನೀರು ಕಾಯಿಸುತ್ತಿದ್ದಳು.

ಗೌರವ್ವ ಮೊದಲು ಖಣ ಬಿಚ್ಚಿದಳು. ಅದನ್ನು ಮಡಚಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟಳು. ಆಮೇಲೆ ಹ್ಯಾಂಡಲ್ಲು ಮೇಲೆದ್ದಿತು.

ಏಟು ಬಿದ್ದ ಸದ್ದು ಇಲ್ಲಿಗೆ ಕೇಳಿಸಲಿಲ್ಲ. ಹುತ್ತದ ತುದಿ ಮುರಿದು ಉರುಳಿದ್ದಷ್ಟೇ ಕಂಡಿತು. ಮತ್ತೊಂದು ಏಟು. ಇನ್ನೊಂದು. ಆಮೇಲೆ ಆಕೆಯ ಕೈ ಗಾಳಿಯಲ್ಲೇ ನಿಂತಿತು. ಆಕೆ ಬಗ್ಗಿ ಕೆಳಗೆ ಏನನ್ನೋ ನೋಡುತ್ತಿದ್ದಳು.

ಜಹೀದಾ ಕಣ್ಣನ್ನು ಅಲ್ಲಿಂದ ಕಿತ್ತು ಈಚೆಯ ನೀರಿನ ಕಡೆ ತಿರುಗಿಸಿದಳು. ಕಲ್ಲುಕಟ್ಟಣೆಯ ಬಳಿ ಸುತ್ತುತ್ತಿದ್ದ ಚೆಂಡುಹೂಗಳು ಅಲ್ಲಿರಲಿಲ್ಲ, ಸುಳಿ ಅವನ್ನು ಒಳಗೆಳೆದುಕೊಂಡಿತ್ತು.